ಮೂವತ್ತೊಂದು ಚುಕ್ಕಿಗಳ ಮನೆ

ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು. ಆ ಪುಸ್ತಕ ಬಿಟ್ಟರೆ ನಮ್ಮ ಸಂಸ್ಥೆಯಲ್ಲಿ ಇನ್ನೆಲ್ಲೂ ಅದು ಚಲಾವಣೆಯಲ್ಲಿರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಡೈರೆಕ್ಟರ ತನಕ ಎಲ್ಲರಿಗೂ ಅವರು ಚುಕ್ಕಿ ಅಕ್ಕ. ಯಾಕೆಂದರೆ ಇಪ್ಪತ್ತಾರು ವರ್ಷ ಅವರು ಮಾಡಿದ್ದು ಒಂದೇ ಕೆಲಸ, ನಕ್ಷೆಯ ಮೇಲೆ ಚುಕ್ಕಿ ಇಡುವುದು. ಒಂದು ಮನೆಗೆ ಒಂದು ಚುಕ್ಕಿ.

ನಮ್ಮದು ಸಮಾಜ ವಿಜ್ಞಾನದ ಸಂಶೋಧನಾ ಸಂಸ್ಥೆ. ಹೆಸರು ಕೇಳಲು ದೊಡ್ಡದು. ಮಾಡುವುದು ಮಾತ್ರ ಜನರ ಬಾಗಿಲಿಗೆ ಹೋಗಿ ಅವರಿಗೆ ಬೇಡದ ಪ್ರಶ್ನೆ ಕೇಳುವ ಕೆಲಸ. ಮಕ್ಕಳು ಎಷ್ಟನೇ ತರಗತಿಗೆ ಶಾಲೆ ಬಿಟ್ಟರು, ಆಸ್ಪತ್ರೆ ಎಷ್ಟು ದೂರ, ಮನೆಯಲ್ಲಿ ಕೊನೆಯದಾಗಿ ತೀರಿಕೊಂಡವರು ಯಾರು. ಬಂದ ಉತ್ತರಗಳನ್ನೆಲ್ಲ ಕಂಪ್ಯೂಟರಿನ ನಕ್ಷೆಗೆ ಏರಿಸುತ್ತೇವೆ. ಜಿಐಎಸ್ ಎನ್ನುತ್ತಾರೆ. ನಕ್ಷೆಗೆ ಏರಿದ ಮೇಲೆ ಯಾವ ಬೀದಿಗೆ ಏನು ಕಮ್ಮಿ ಎಂಬುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಅದನ್ನು ಕೋಷ್ಟಕ ಮಾಡಿ ವರದಿಗೆ ಹಾಕುವವನು ನಾನು. ಇಲ್ಲಿಗೆ ಬರುವ ಮುಂಚೆ ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ತಪ್ಪಿಗೆ ಚುಕ್ಕಿ ಅಕ್ಕ ನಿವೃತ್ತರಾಗುವ ತನಕ ನನ್ನನ್ನು ‘ಮೇಷ್ಟ್ರೇ’ ಎಂದೇ ಕರೆದರು.

ಅವರು ಕೆಲಸಕ್ಕೆ ಸೇರಿದಾಗ ಅಲ್ಲಿ ಕಂಪ್ಯೂಟರು ಇರಲಿಲ್ಲ. ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಜು, ಅದರ ಮೇಲೆ ಟ್ರೇಸಿಂಗ್ ಪೇಪರ್, ಕೈಯಲ್ಲಿ ಮಸಿಯ ಪೆನ್ನು. ಒಂದು ತೊಟ್ಟು ಹೆಚ್ಚು ಬಿದ್ದರೆ ಇಡೀ ಹಾಳೆ ಹಾಳು. ಕಂಪ್ಯೂಟರು ಬಂದು ಎಷ್ಟು ವರ್ಷವಾದರೂ ಆ ಭಯ ಅವರ ಕೈಬಿಡಲಿಲ್ಲ. ಮೌಸ್ ಒತ್ತುವ ಮುಂಚೆ ಉಸಿರು ಹಿಡಿಯುತ್ತಿದ್ದರು. ಉಪಗ್ರಹದ ಚಿತ್ರದಲ್ಲಿ ಬೆಂಕಿಪೊಟ್ಟಣದಷ್ಟು ಕಾಣುವ ಸೂರಿನ ನಟ್ಟನಡುವೆ ಚುಕ್ಕಿ ಕೂರಬೇಕು. ಅಂಚಿಗೆ ಬಿದ್ದರೆ ಅಳಿಸಿ ಮತ್ತೆ ಇಡುವರು.

“ಅಂಚಲ್ಲಿಟ್ರೆ ಆ ಮನೆಯವರು ಹೊರಗೆ ನಿಂತ ಹಾಗಾಗುತ್ತೆ ಮೇಷ್ಟ್ರೇ,” ಎನ್ನುತ್ತಿದ್ದರು.

“ಅಕ್ಕಾ, ಅದು ಚುಕ್ಕಿ. ಅದಕ್ಕೆ ಬಿಸಿಲೂ ತಾಗಲ್ಲ, ಮಳೆನೂ ತಾಗಲ್ಲ,” ಎಂದು ನಾನು ರೇಗಿಸುತ್ತಿದ್ದೆ. ಅವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಸೂರು ನೋಡಿ ಮನೆ ಹೇಳುವುದರಲ್ಲಿ ಅವರದು ಎತ್ತಿದ ಕೈ. ಆಕಾಶದಿಂದ ತೆಗೆದ ಚಿತ್ರದಲ್ಲಿ ನಮಗೆಲ್ಲ ಕಾಣುವುದು ಬೂದು ಚೌಕ. ಅವರು ಅದನ್ನೇ ಕಣ್ಣು ಕಿರಿದು ಮಾಡಿ ನೋಡಿ, “ಇಲ್ಲಿ ಜನ ಇಲ್ಲ, ಬೀಗ ಹಾಕಿ ಎರಡು ವರ್ಷ ಆಗಿರ್ಬೇಕು,” ಎಂದುಬಿಡುವರು. ಸಮೀಕ್ಷೆಗೆ ಹೋದವರು ತಿರುಗಿ ಬಂದು ಹೌದೆನ್ನುತ್ತಿದ್ದರು. ಹೇಗೆ ಗೊತ್ತಾಯಿತೆಂದರೆ ನೀರಿನ ತೊಟ್ಟಿಯ ಮುಚ್ಚಳ, ಬಟ್ಟೆ ಒಣಹಾಕುವ ಹಗ್ಗದ ನೆರಳು ಎಂದೇನೇನೋ ಹೇಳುವರು. ನಾನು ನಂಬಿದ್ದು ಬೇರೆ. ಹದಿಮೂರು ವರ್ಷ ಊರಿನ ಸೂರುಗಳನ್ನೆಲ್ಲ ಒಬ್ಬನಿಗಾಗಿ ಹುಡುಕಿದರೆ ಯಾರಿಗೇ ಆದರೂ ಅಷ್ಟು ಕಣ್ಣು ಬರುತ್ತದೆ.

ಆ ಒಬ್ಬ ಅವರ ತಮ್ಮ. ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ, ಕೆಲಸ ಬಿಟ್ಟಿದ್ದ, ಮನೆಯಲ್ಲಿದ್ದ. ಒಂದು ಬೆಳಗ್ಗೆ ಹತ್ತು ಗಂಟೆಗೆ ಚಪ್ಪಲಿ ಹೊಲಿಸಿಕೊಂಡು ಬರುತ್ತೇನೆಂದು ಹೋದವನು ಬರಲೇ ಇಲ್ಲ. ಆಗವನಿಗೆ ಇಪ್ಪತ್ತೇಳು. ಚುಕ್ಕಿ ಅಕ್ಕ ಮದುವೆಯಾಗಿರಲಿಲ್ಲ, ತಂದೆ ಮೊದಲೇ ಇರಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ತಾಯಿ, ಮಗಳು ಇಬ್ಬರೇ ಉಳಿದರು. ತಾಯಿ ದಿನಕ್ಕೊಮ್ಮೆ, ಮಗಳು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ, “ಏನಾದ್ರೂ ಗೊತ್ತಾಯ್ತಾ?” ಎಂದು ಕೇಳುವರು. ಮಗಳು “ಇಲ್ಲಮ್ಮ” ಎನ್ನುವರು. ಅಷ್ಟಾದ ಮೇಲೆ ಮಾತಿಲ್ಲ.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಚುಕ್ಕಿ ಅಕ್ಕ ನನಗೆ ಹೇಳಿದ್ದರು, “ಇಷ್ಟೊಂದು ಮನೆ ನೋಡ್ತೀನಿ ಮೇಷ್ಟ್ರೇ. ಒಂದ್ರಲ್ಲಾದ್ರೂ ಅವನು ಇರ್ಬೇಕಲ್ಲ. ಸತ್ತಿದ್ರೂ ಪರವಾಗಿಲ್ಲ, ಎಲ್ಲಿ ಅಂತ ಗೊತ್ತಾದ್ರೆ ಸಾಕು. ಅಮ್ಮನಿಗೆ ಇಂಥ ಕಡೆ ಅಂತ ಬೆರಳಿಟ್ಟು ತೋರಿಸ್ಬೇಕು.”

ನಾನು ಡಬ್ಬಿ ತೊಳೆಯಲು ಎದ್ದು ಹೋದೆ.

ಆಗ ನಡೆಯುತ್ತಿದ್ದ ಅಧ್ಯಯನ ವಾರಸುದಾರರಿಲ್ಲದ ಸಾವುಗಳದ್ದು. ಆಸ್ಪತ್ರೆಯ ಜಗಲಿಯಲ್ಲೋ ಬಸ್ ನಿಲ್ದಾಣದ ಬೆಂಚಿನ ಮೇಲೋ ತೀರಿಕೊಂಡವರು, ದೇಹ ಕೇಳಿಕೊಂಡು ಯಾರೂ ಬಾರದವರು. ನಗರದ ಮರಣ ದಾಖಲೆ ಕಚೇರಿಯಲ್ಲಿ ಅಂಥವರ ಪಟ್ಟಿ ಇತ್ತು, ಹದಿನೈದು ವರ್ಷಗಳದ್ದು. ಇವರೆಲ್ಲ ಯಾವ ಬಡಾವಣೆಗಳಿಂದ ಬಂದವರು, ಆ ಬಡಾವಣೆಗಳಲ್ಲಿ ಏನು ಇಲ್ಲ ಎಂಬುದು ನಮ್ಮ ಪ್ರಶ್ನೆ. ಪಟ್ಟಿಯಲ್ಲಿ ಕೆಲವರ ವಿಳಾಸ ಪೂರ್ತಿ ಇತ್ತು, ಕೆಲವರದು ಅರ್ಧ. ಕೆಲವರ ಮುಂದೆ ಬರೀ ವಾರ್ಡಿನ ಹೆಸರು. ನಕ್ಷೆಯ ಮೇಜಿಗೆ ಹೋಗುತ್ತಿದ್ದುದು ಕ್ರಮಸಂಖ್ಯೆ, ವಿಳಾಸ ಮಾತ್ರ, ಹೆಸರಿನ ಕಾಲಂ ನನ್ನ ಬಳಿ ಇರುತ್ತಿತ್ತು.

ಈ ಬರೀ ವಾರ್ಡಿನವರೇ ಕತೆಗೆ ಕಾರಣ. ಆರು ವರ್ಷದ ಹಿಂದೆ ಅಧ್ಯಯನದ ಮೊದಲ ಕಂತಿನಲ್ಲಿ ಅವರನ್ನು ಚುಕ್ಕಿ ಅಕ್ಕ ನಕ್ಷೆಗೆ ಏರಿಸದೆ ಬಿಟ್ಟಿದ್ದರು. ಡೈರೆಕ್ಟರಿಗೆ ಖಾಲಿ ಕಾಲಂ ಕಂಡರೆ ಆಗುತ್ತಿರಲಿಲ್ಲ. ಹೊರಗಿನವರು ಬಂದಾಗ ಗೋಡೆಯ ಮೇಲೆ ನಕ್ಷೆ ತುಂಬಿ ತುಳುಕಬೇಕು. “ಎಲ್ಲಾದ್ರೂ ಒಂದು ಕಡೆ ಕೂರಿಸ್ರಿ,” ಎಂದರು. ಚುಕ್ಕಿ ಅಕ್ಕ ಎರಡು ದಿನ ಯೋಚಿಸಿ ಒಂದು ನಿಯಮ ಬರೆದರು. ಬೀದಿ ಗೊತ್ತಿಲ್ಲದವರನ್ನು ಆ ವಾರ್ಡಿನ ಗಡಿಯ ಸರಿಯಾದ ನಡುಬಿಂದುವಿನಲ್ಲಿ ಇಡುವುದು. ಅಂಚಲ್ಲಿ ಅಲ್ಲ, ನಡುವೆ. ಅಂದಿನಿಂದ ಆ ಕೆಲಸವನ್ನು ಕಂಪ್ಯೂಟರು ತಾನೇ ಮಾಡಿಕೊಂಡಿತು. ನಾವೆಲ್ಲ ಆ ನಿಯಮವನ್ನು ಮರೆತೆವು.

ಎರಡನೇ ಕಂತಿನ ನಕ್ಷೆ ತಯಾರಾದಾಗ ನಾನು ಚುಕ್ಕಿಗಳ ದಟ್ಟಣೆಗೆ ಬಣ್ಣ ಕೊಟ್ಟೆ. ಊರೆಲ್ಲ ತಿಳಿಹಳದಿ. ಒಂದು ವಾರ್ಡಿನಲ್ಲಿ ಮಾತ್ರ ರಕ್ತಗೆಂಪು. ಆಸ್ಪತ್ರೆಯಿಲ್ಲ, ಬಸ್ ನಿಲ್ದಾಣವಿಲ್ಲ, ಮರ್ಯಾದಸ್ತರು ಮನೆ ಕಟ್ಟಿಕೊಂಡಿರುವ ವಾರ್ಡು. ಡೈರೆಕ್ಟರು ಕುಣಿದಾಡುವುದೊಂದು ಬಾಕಿ. ಎರಡು ವಾರದಲ್ಲಿ ದೊಡ್ಡ ಸಮ್ಮೇಳನವಿತ್ತು, ಅದಕ್ಕೆ ಇದೇ ಪ್ರಬಂಧ ಎಂದರು. ನಾನು ಕೆಂಪಿನೊಳಗೆ ಇಳಿದು ನೋಡಿದೆ. ಅಲ್ಲಿದ್ದದ್ದು ಒಂದೇ ಚುಕ್ಕಿ. ಅದನ್ನು ಪಕ್ಕಕ್ಕೆ ಎಳೆದೆ. ಅಡಿಯಲ್ಲಿ ಇನ್ನೊಂದು. ಅದನ್ನೂ ಎಳೆದೆ. ಅದರಡಿ ಮತ್ತೊಂದು. ಒಂದರ ಮೇಲೊಂದು ಕೂದಲೆಳೆಯಷ್ಟೂ ಆಚೀಚೆ ಆಗದೆ ಮೂವತ್ತೊಂದು ಜನ ಒಂದೇ ಸೂರಿನ ನಡುವೆ ಕೂತಿದ್ದರು. ಹೊರಗೆ ಒಳ್ಳೆ ಬಿಸಿಲಿತ್ತು. ಆದರೂ ಎದ್ದು ದೀಪ ಹಾಕಿದೆ.

ಚುಕ್ಕಿ ಅಕ್ಕನನ್ನು ಕರೆದೆ. ಅವರು ಪರದೆ ನೋಡಿದೊಡನೆ ನಾಲಿಗೆ ಕಚ್ಚಿಕೊಂಡರು.

“ಅಯ್ಯೋ, ಇದು ನನ್ನ ನಿಯಮ. ಇವ್ರು ಯಾರೂ ಆ ಮನೆಯವ್ರಲ್ಲ ಮೇಷ್ಟ್ರೇ. ಬರೀ ವಾರ್ಡು ಗೊತ್ತಿರೋರೆಲ್ಲ ಇದೊಂದೇ ವಾರ್ಡಿನೋರು. ಅದರ ನಡುಬಿಂದು ಹೋಗಿ ಆ ಸೂರಿನ ಮೇಲೆ ಬಿದ್ದಿದೆ, ಅಷ್ಟೇ.”

ನಾನು ಜೋರಾಗಿ ನಕ್ಕೆ. ಮೂವತ್ತೊಂದರ ಪಟ್ಟಿಯನ್ನು ಮುದ್ರಿಸಿ ಕೊಟ್ಟೆ, ತಿದ್ದಿಕೊಳ್ಳಲಿ ಎಂದು. ಅವರು ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಬಂದರು. ಹತ್ತೊಂಬತ್ತನೇ ಸಾಲಿನಲ್ಲಿ ಬೆರಳು ನಿಂತಿತು. ಅಲ್ಲಿ ಅವರ ತಮ್ಮನ ಹೆಸರು, ತಂದೆಯ ಹೆಸರು ಇತ್ತು. ಎಡ ಹುಬ್ಬಿನ ಮೇಲೆ ಹಳೇ ಗಾಯದ ಗುರುತು. ಸತ್ತು ಏಳು ವರ್ಷ. ವಿಳಾಸದ ಕಡೆ ವಾರ್ಡಿನ ಹೆಸರು ಬಿಟ್ಟು ಬೇರೇನಿಲ್ಲ. ಆರು ವರ್ಷದಿಂದ ಅವನು ಅವರದೇ ಕಂಪ್ಯೂಟರಿನಲ್ಲಿ, ಅವರದೇ ನಿಯಮದ ಪ್ರಕಾರ ಕೂತಿದ್ದ.

ಅವರು ಅಳಲಿಲ್ಲ. ನಾನು ನೀರು ತಂದುಕೊಟ್ಟೆ, ಕುಡಿದರು. ಲೋಟ ಕೆಳಗಿಟ್ಟು, “ನಾಳೆ ಆ ಮನೆ ನೋಡ್ಕೊಂಡು ಬರೋಣ,” ಎಂದರು.

“ಅಕ್ಕಾ, ಆ ಮನೇಲಿ ಏನೂ ಇಲ್ಲ ಅಂತ ಈಗ ತಾನೆ ನೀವೇ ಹೇಳಿದ್ರಿ.”

“ಹೇಳ್ದೆ. ಆದ್ರೂ ನೋಡ್ಬೇಕು.”

ಮರುದಿನ ಮಧ್ಯಾಹ್ನ ಮೂರಕ್ಕೆ ಹೋದೆವು. ಎರಡು ಎತ್ತರದ ಕಟ್ಟಡಗಳ ಸಂದಿಯಲ್ಲಿ ಸಿಕ್ಕಿಕೊಂಡ ಒಂದಂತಸ್ತಿನ ಹಳೇ ಮನೆ. ಗೇಟಿಗೆ ಎಣ್ಣೆ ಹಾಕಿದ್ದರು, ಸದ್ದಿಲ್ಲದೆ ತೆರೆಯಿತು. ಮೆಟ್ಟಿಲ ಪಕ್ಕದಲ್ಲಿ ಒಂದು ಉದ್ದನೆಯ ಮರದ ಬೆಂಚು, ಬಹಳ ಜನ ಕೂತೂ ಕೂತೂ ನಡು ಸವೆದಿತ್ತು. ಗಂಟೆ ಒತ್ತುವ ಮುಂಚೆಯೇ ಬಾಗಿಲು ತೆರೆದು ತೆಳ್ಳಗಿನ ಮುದುಕರೊಬ್ಬರು ನಿಂತರು. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಮೇಲೆ ಪೆನ್ಸಿಲು.

“ಯಾರ ಕಡೆಯವ್ರು?” ಎಂದರು.

ನಾನು ಸಂಸ್ಥೆಯ ಗುರುತಿನ ಚೀಟಿ ತೆಗೆಯುವಷ್ಟರಲ್ಲಿ ಚುಕ್ಕಿ ಅಕ್ಕ ತಮ್ಮನ ಹೆಸರು ಹೇಳಿಬಿಟ್ಟಿದ್ದರು.

“ಬನ್ನಿ ತಾಯಿ. ತುಂಬ ತಡ ಮಾಡಿದ್ರಿ. ಅವ್ರದ್ದು ಮೂರನೇ ಹಲಗೆ,” ಎಂದು ಮುದುಕರು ದಾರಿ ಬಿಟ್ಟರು.

ಮುಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟವ್, ಒಂದು ಕುರ್ಚಿ. ಒಬ್ಬ ಮನುಷ್ಯ ಬದುಕಲು ಬೇಕಾದ್ದೆಲ್ಲ ಅದೊಂದೇ ಕೋಣೆಯಲ್ಲಿ. ಒಳಗಿನ ಎರಡು ಕೋಣೆಗಳನ್ನು ಅವರು ಬಳಸುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ಬರಬೇಕೆಂದು ಹೇಳಿ ನಮ್ಮನ್ನು ಅಲ್ಲಿಗೆ ಕರೆದೊಯ್ದರು. ನೆಲದಿಂದ ಸೂರಿನ ತನಕ ಕಬ್ಬಿಣದ ಚೌಕಟ್ಟಿಗೆ ಮರದ ಹಲಗೆ. ಹಲಗೆಯ ಮೇಲೆ ಸಾಲಾಗಿ ಸಾಮಾನು, ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ, ಚೀಟಿಯಲ್ಲಿ ಹೆಸರು. ಕನ್ನಡಕ, ಊರುಗೋಲು, ಮಡಿಸಿದ ಸ್ವೆಟರು, ಮಕ್ಕಳು ಬರೆದ ಚಿತ್ರ, ಹೊಸ ಚಪ್ಪಲಿ, ಶೇವಿಂಗ್ ಬ್ರಷ್ಷು. ಎಲ್ಲೂ ಒಂದು ಕಣ ಧೂಳಿಲ್ಲ.

ಮುದುಕರು ರೈಲಿನ ಪಾರ್ಸೆಲ್ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದವರು. ಯಾರೂ ಬಂದು ಬಿಡಿಸಿಕೊಳ್ಳದ ಗಂಟುಗಳನ್ನು ಕಾಯುವುದೇ ಅವರ ಕೆಲಸವಾಗಿತ್ತು. ನಿವೃತ್ತಿಯಾಗಿ ಈ ಮನೆಯಲ್ಲಿ ಒಬ್ಬರೇ ಇದ್ದಾಗ ಒಂದು ದಿನ ಗಂಡ ಹೆಂಡತಿ ಒಂದು ಚೀಟಿ ಹಿಡಿದು ಬಂದರಂತೆ. ಮರಣ ದಾಖಲೆ ಕಚೇರಿಯವರು ಕೊಟ್ಟ ಚೀಟಿ, ನಿಮ್ಮವರು ಕೊನೆಗಾಲದಲ್ಲಿ ಈ ಮನೆಯಲ್ಲಿದ್ದರು ಎಂದು. ಕೇಳುತ್ತಿದ್ದಂತೆ ನನಗೂ ಚುಕ್ಕಿ ಅಕ್ಕನಿಗೂ ಒಟ್ಟಿಗೆ ಅರ್ಥವಾಯಿತು. ಮೊದಲ ಕಂತು ಮುಗಿದಾಗ ನಮ್ಮ ನಕ್ಷೆಯ ಒಂದು ಪ್ರತಿಯನ್ನು ಆ ಕಚೇರಿಗೆ ಕೊಟ್ಟಿದ್ದೆವು. ತಡವಾಗಿ ಹುಡುಕಿಕೊಂಡು ಬಂದ ಸಂಬಂಧಿಕರಿಗೆ ಅಲ್ಲಿನ ಗುಮಾಸ್ತ ನಮ್ಮ ಚುಕ್ಕಿಯನ್ನು ಒತ್ತಿ, ಅದರಡಿ ಇರುವ ಮನೆಯ ನಂಬರು ಬರೆದುಕೊಡುತ್ತಿದ್ದ.

“ಇಲ್ಲ, ಅಂಥವ್ರು ಯಾರೂ ಇಲ್ಲಿರ್ಲಿಲ್ಲ ಅಂದೆ,” ಮುದುಕರು ಹೇಳಿದರು. “ಆ ಹೆಂಗಸು ಮೆಟ್ಟಿಲ ಮೇಲೆ ಕೂತ್ಲು. ಏಳಲೇ ಇಲ್ಲ. ಎರಡನೇ ಸಲ ಬಂದೋನು ನೀನೇ ಏನೋ ಮುಚ್ಚಿಡ್ತಿದ್ದೀಯ ಅಂತ ನನ್ನ ಕೊರಳಪಟ್ಟಿ ಹಿಡಿದ. ಮೂರನೇ ಸಲ ಇದ್ರು ಅಂದೆ. ನೆಮ್ಮದಿಯಾಗಿ ಇದ್ರು, ನಿಮ್ಮನ್ನ ನೆನೆಸ್ಕೊಳ್ತಿದ್ರು ಅಂದೆ. ತಂದಿದ್ದ ಆ ತೀರಿಕೊಂಡೋರ ಕನ್ನಡಕ ಇಲ್ಲೇ ಬಿಟ್ಟು, ಕೈ ಮುಗಿದು ಹೋದ್ರು. ಬಿಟ್ಟು ಹೋದದ್ದನ್ನ ಕಾಯ್ದಿಡೋದು ನನಗೆ ಗೊತ್ತಿರೋ ಕೆಲಸ.”

“ಯಾರೂ ಹುಡುಕಿಕೊಂಡು ಬಾರದವರ ಹೆಸರು ಹೇಗೆ ಗೊತ್ತಾಯ್ತು ನಿಮಗೆ?” ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಅವರು ಒಂದು ಕಟ್ಟು ಪತ್ರ ತೆಗೆದು ನನ್ನ ಕೈಗಿಟ್ಟರು. ಮೃತರ ವಿಳಾಸ ಸರಿಯಿದೆಯೇ ದಯವಿಟ್ಟು ತಿಳಿಸಿ ಎಂದು ಹೋದ ವರ್ಷ ನಮ್ಮ ಸಂಸ್ಥೆ ಎಲ್ಲ ಚುಕ್ಕಿಗಳಿಗೂ ಕಳಿಸಿದ ಪತ್ರ. ಈ ಮನೆಗೆ ಒಂದೇ ದಿನ ಮೂವತ್ತೊಂದು ಬಂದಿದ್ದವು. ಕೆಳಗೆ ನನ್ನ ಸಹಿ. ಉತ್ತರ ಬರಲಿಲ್ಲವೆಂದು ನಾನೇ ಕೋಷ್ಟಕದಲ್ಲಿ ಸೇರಿಸಿದ್ದೆ.

ಅದೇ ಹೊತ್ತಿಗೆ ನನ್ನ ಹಾಳು ಅಭ್ಯಾಸ ಬಿಡದೆ ಚೀಟಿಗಳನ್ನು ಎಣಿಸುತ್ತಿದ್ದೆ. ಮೂವತ್ತೆರಡು ಬಂತು. ಮತ್ತೆ ಎಣಿಸಿದೆ. ಮೂವತ್ತೆರಡೇ. ಕೊನೆಯ ಚೀಟಿಯಲ್ಲಿ ಒಬ್ಬ ಹೆಂಗಸಿನ ಹೆಸರು, ಅದರ ಹಿಂದೆ ಖಾಲಿ ಹಲಗೆ.

“ಒಂದು ಹೆಚ್ಚಿದೆ,” ಎಂದೆ.

“ಇಲ್ಲ ಸ್ವಾಮಿ. ನಿಮ್ಮ ಲೆಕ್ಕ ಹಿಂದೆ ಬಿದ್ದಿದೆ,” ಎಂದರು ಮುದುಕರು. ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

ಮುಂದಿನ ತಿಂಗಳು ದಾಖಲೆ ಕಚೇರಿಯಿಂದ ಹೊಸ ಪಟ್ಟಿ ಬಂದಾಗ ಆ ಹೆಸರು ಅದರಲ್ಲಿತ್ತು. ಅದೇ ವಾರ್ಡು. ಸತ್ತ ದಿನ ನೋಡಿದೆ. ನಾವು ಆ ಮನೆಗೆ ಹೋಗಿ ಬಂದ ಒಂಬತ್ತು ದಿನದ ಮೇಲೆ. ಇದಕ್ಕೆ ಕಾರಣ ಕೇಳಬೇಡಿ. ಕೇಳಿಕೊಂಡು ಕೇಳಿಕೊಂಡು ನನಗೇ ಸಾಕಾಗಿದೆ.

ಚುಕ್ಕಿ ಅಕ್ಕ ಮೂರನೇ ಹಲಗೆಯ ಮುಂದೆ ನಿಂತಿದ್ದರು. ತಮ್ಮನ ಹೆಸರಿನ ಚೀಟಿಯ ಹಿಂದೆ ಏನೂ ಇರಲಿಲ್ಲ, ಒರೆಸಿಟ್ಟ ಜಾಗ ಮಾತ್ರ.

“ಹೇಗಿದ್ದ?” ಎಂದು ಕೇಳಿಯೇ ಬಿಟ್ಟರು. ಊರಿನಲ್ಲಿ ಈ ಮಾತು ಕೇಳಬಾರದವರು ಯಾರಾದರೂ ಇದ್ದರೆ ಅದು ಅವರೇ. ಆ ಚುಕ್ಕಿಯ ಸುಳ್ಳು ಅವರಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

“ಮಾತು ಕಮ್ಮಿ,” ಎಂದರು ಮುದುಕರು, ಆ ಕಡೆ ಕಿವಿಗೊಟ್ಟವರಂತೆ ತಲೆ ವಾಲಿಸಿ. “ಯಾರಿಗೂ ತೊಂದರೆ ಕೊಡೋನಲ್ಲ. ಅಕ್ಕ ಅವತ್ತು ಬೈದದ್ದನ್ನ ಮನಸ್ಸಿನಲ್ಲಿ ಇಟ್ಕೊಂಡಿರ್ಲಿಲ್ಲ ತಾಯಿ.”

ಚುಕ್ಕಿ ಅಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ತಮ್ಮ ಹೋದ ದಿನ ಬೆಳಗ್ಗೆ ಅವನಿಗೆ ಏನೋ ಅಂದಿದ್ದರಂತೆ, ಮನೆಗೆ ಭಾರವಾಗಿದ್ದೀಯ ಎಂದು. ತಾಯಿ ಆಗ ಸ್ನಾನಕ್ಕೆ ಹೋಗಿದ್ದರು. ಹದಿಮೂರು ವರ್ಷ ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಹೇಳಿದರು. ತಮ್ಮನಿಗೆ ಬೈಯದ ಅಕ್ಕ ಯಾರಿದ್ದಾರೆ, ಮುದುಕ ಗಾಳಿಯಲ್ಲಿ ಗುಂಡು ಹೊಡೆದಿದ್ದಾನೆ ಎಂದು ನಾನು ಸಮಾಧಾನ ಹೇಳಿದೆ. ‘ಅವತ್ತು’ ಎಂಬ ಮಾತು ಮಾತ್ರ ನನ್ನ ತಲೆಯಲ್ಲೇ ಕೊರೆಯುತ್ತಿತ್ತು.

ಆ ಮನೆಯಿಂದ ಹೊರಡುವ ಮುಂಚೆಯೇ ಚುಕ್ಕಿ ಅಕ್ಕ ಮುದುಕರಿಗೆ ನಿಜ ಹೇಳಿದ್ದರು. ನಡುಬಿಂದುವಿನ ನಿಯಮ, ತಾವೇ ಬರೆದದ್ದು, ಎಲ್ಲ. “ನನ್ನಿಂದ ತಪ್ಪಾಗಿದೆ ಯಜಮಾನ್ರೇ. ಸೋಮವಾರ ಎಲ್ಲ ಚುಕ್ಕಿ ಅಳಿಸ್ತೀನಿ. ಇನ್ಮೇಲೆ ನಿಮ್ಮ ಬಾಗಿಲಿಗೆ ಯಾರೂ ಬರಲ್ಲ,” ಎಂದರು.

ಮುದುಕರು ಗಾಬರಿಯಾಗಲಿಲ್ಲ. ಕಿವಿಯ ಮೇಲಿನ ಪೆನ್ಸಿಲು, ಒಂದು ಹಾಳೆ ತಂದು ಮುಂದಿಟ್ಟರು.

“ಅಳಿಸ್ಬೇಡಿ ಅನ್ನಲ್ಲ. ಇವ್ರನ್ನ ಇಲ್ಲಿಂದ ಎಲ್ಲಿಗೆ ಕಳಿಸ್ಬೇಕು, ಅದನ್ನ ಬರೆದು ಕೊಡಿ. ಮುಂದಿನ ವಿಳಾಸ ಇಲ್ದೆ ನಾನು ಯಾವ ಪಾರ್ಸೆಲ್ಲೂ ಬಿಟ್ಟೋನಲ್ಲ.”

ಚುಕ್ಕಿ ಅಕ್ಕ ಪೆನ್ಸಿಲು ಹಿಡಿದು ಬಹಳ ಹೊತ್ತು ಕೂತರು. ಬರೆಯಲು ಅವರ ಬಳಿ ಏನಿತ್ತು? ಖಾಲಿ ಹಾಳೆಯನ್ನೇ ವಾಪಸು ಕೊಟ್ಟು ಎದ್ದರು.

ಮೂರು ದಿನ ಅವರ ಮುಖ ನೋಡಲಾಗುತ್ತಿರಲಿಲ್ಲ. ಚುಕ್ಕಿ ಉಳಿಸಿದರೆ ಸುಳ್ಳು. ಊರಿನ ಎಷ್ಟೋ ಸಂಬಂಧಿಕರು ಇನ್ನೂ ಆ ಸುಳ್ಳು ಬಾಗಿಲನ್ನು ಬಡಿಯುತ್ತಲೇ ಇರುತ್ತಾರೆ. ಅಳಿಸಿದರೆ ತಾಯಿಗೆ ಬೆರಳಿಟ್ಟು ತೋರಿಸಲು ಒಂದು ಜಾಗವೂ ಉಳಿಯುವುದಿಲ್ಲ. ಕೊನೆಗೆ ಶನಿವಾರ ಸಂಜೆ ತಾಯಿಯ ಮುಂದೆ ಅರ್ಧ ಮಾತು ಹೇಳಿದರು. ತಮ್ಮ ತೀರಿಕೊಂಡು ಏಳು ವರ್ಷವಾಯಿತೆಂದು, ಇಂಥ ಮನೆಯೆಂದು ದಾಖಲೆಯಲ್ಲಿದೆಯೆಂದು. ದಾಖಲೆ ಹೇಗೆ ಹುಟ್ಟಿತೆಂಬುದನ್ನು ಹೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹೇಳುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ತಾಯಿಯನ್ನು ಕರೆದುಕೊಂಡು ಹೊರಟರು. ಮೆಟ್ಟಿಲು ಇಳಿಸಲು ಒಂದು ಕೈ ಬೇಕೆಂದು ನನ್ನನ್ನೂ ಕರೆದರು. ತಾಯಿಗೆ ಎಪ್ಪತ್ತಾರು. ಗಟ್ಟಿ ಜೀವ, ಮಾತು ಕಡ್ಡಿ ಮುರಿದಂತೆ. ದಾರಿಯುದ್ದಕ್ಕೂ ನನ್ನ ನಡಿಗೆ ನಿಧಾನವೆಂದು ಬೈದರು. ಮಗನ ಒಂದು ಅಂಗಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

ಮುದುಕರು ಅವರಿಗೆ ಕುರ್ಚಿ ಹಾಕಿ ಅರ್ಧ ಗಂಟೆ ಮಾತಾಡಿದರು. ಮಗ ಕಿಟಕಿಯ ಪಕ್ಕ ಕೂರುತ್ತಿದ್ದ, ಹಾಡು ಗುನುಗುತ್ತಿದ್ದ, ಕೊನೆಗೆ ನೋವಿಲ್ಲದೆ ಹೋದ. ತಾಯಿ ಹೂಂ ಎನ್ನದೆ ಕೇಳಿದರು. ಮುಗಿದ ಮೇಲೆ, “ನಾನೊಬ್ಬಳೇ ಒಳಗೆ ಹೋಗ್ತೀನಿ. ಬಾಗಿಲು ಎಳ್ಕೊಳ್ಳಿ,” ಎಂದರು.

ನಾವು ಮೂವರೂ ಹೊರಗಿನ ಕೋಣೆಯಲ್ಲಿ ಉಳಿದೆವು. ಒಳಗೆ ತಾಯಿ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. ಮಾತು ಸ್ಪಷ್ಟವಿರಲಿಲ್ಲ, ದನಿ ಮಾತ್ರ. ಮೊದಲು ಬೈಗುಳದ ದನಿ. ಆಮೇಲೆ ಸುಮ್ಮನಾದರು. ಒಬ್ಬರು ಉತ್ತರ ಹೇಳಿ ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು. ಮತ್ತೆ ಮಾತು, ಮತ್ತೆ ಅಷ್ಟೇ ಬಿಡುವು. ಒಮ್ಮೆ ನಕ್ಕರು. ನಾನು ಮುದುಕರ ಕಡೆ ನೋಡಿದೆ. ಅವರು ನನ್ನೆದುರಿಗೇ ಕೂತಿದ್ದರು, ತುಟಿ ಮುಚ್ಚಿತ್ತು. ಒಳಗೆ ಒಂದು ಹಲಗೆ ಕಿರ್ರೆಂದಿತು. ಚುಕ್ಕಿ ಅಕ್ಕ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು. ನನ್ನದೂ ಬೆಚ್ಚಗೇನೂ ಇರಲಿಲ್ಲ.

ತಾಯಿ ಬಾಗಿಲು ತೆರೆದು ಬಂದಾಗ ಕಂಕುಳಲ್ಲಿ ಅಂಗಿ ಇರಲಿಲ್ಲ. “ಹೊರಡೋಣ,” ಎಂದರು. ದಾರಿಯಲ್ಲಿ ನನ್ನ ನಡಿಗೆಯ ತಪ್ಪು ಹುಡುಕಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು.

ಸೋಮವಾರ ಚುಕ್ಕಿ ಅಕ್ಕ ಡೈರೆಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದರು, ತಮ್ಮನ ವಿಷಯ ಒಂದನ್ನು ಬಿಟ್ಟು. ಡೈರೆಕ್ಟರು ಹುಬ್ಬು ಗಂಟಿಕ್ಕಿದರು.

“ಸಮ್ಮೇಳನ ಒಂದು ಮುಗೀಲಿ. ಆಮೇಲೆ ನಿಧಾನಕ್ಕೆ ತಿದ್ದಿದ್ರಾಯ್ತು.”

“ಇಲ್ಲ ಸಾರ್. ನಾನಿಟ್ಟದ್ದು, ನಾನೇ ತೆಗೀತೀನಿ. ಇವತ್ತೇ.”

ಇಪ್ಪತ್ತಾರು ವರ್ಷದಲ್ಲಿ ಅವರು ಡೈರೆಕ್ಟರಿಗೆ ‘ಇಲ್ಲ’ ಎಂದದ್ದು ಅದೇ ಮೊದಲು. ದಾಖಲೆ ಕಚೇರಿಗೂ ಪತ್ರ ಬರೆದು, ಆ ಮನೆಯ ನಂಬರು ಯಾರಿಗೂ ಕೊಡಬೇಡಿ ಎಂದು ತಿಳಿಸಿದರು. ಮೂವತ್ತೊಂದನ್ನೂ ಒಟ್ಟಿಗೆ ಆರಿಸಿ ಒಂದೇ ಸಲ ಅಳಿಸಬಹುದಿತ್ತು. ಅವರು ಒಂದೊಂದೇ ಸಾಲು ತೆರೆದು, ಹೆಸರನ್ನು ಬಾಯಲ್ಲಿ ಹೇಳಿ, ಅಕ್ಷಾಂಶ ಅಳಿಸಿ, ರೇಖಾಂಶ ಅಳಿಸಿ, ‘ಸ್ಥಳ ತಿಳಿದಿಲ್ಲ’ ಎಂದು ಟೈಪ್ ಮಾಡಿದರು. ನಾನು ಹಿಂದೆ ನಿಂತಿದ್ದೆ. ಹತ್ತೊಂಬತ್ತನೆಯದನ್ನು ಬಿಟ್ಟು ಮುಂದೆ ಹೋಗಲಿ ದೇವರೇ, ನಾನು ನೋಡಿಯೂ ನೋಡದ ಹಾಗೆ ಇದ್ದುಬಿಡುತ್ತೇನೆ ಎಂದುಕೊಂಡೆ. ಅವರು ಬಿಡಲಿಲ್ಲ. ತಮ್ಮನ ಹೆಸರನ್ನೂ ಉಳಿದವರ ಹೆಸರಿನಂತೆಯೇ ಹೇಳಿ ಅಳಿಸಿದರು. ಮೂವತ್ತೊಂದನೆಯದು ಮುಗಿದಾಗ ನಕ್ಷೆಯ ಕೆಂಪು ಹೋಗಿ ಊರೆಲ್ಲ ತಿಳಿಹಳದಿಯಾಗಿತ್ತು.

“ಅಮ್ಮನಿಗೆ ಇವತ್ತು ಹೇಳ್ಬೇಕು,” ಎಂದು ಚೀಲ ಎತ್ತಿಕೊಂಡು ಹೋದರು. ನನಗೆ ಅವರನ್ನು ಹಿಂದಕ್ಕೆ ಕರೆಯಬೇಕೆನಿಸಿತು. ಮುದುಕಿಗೆ ಹದಿಮೂರು ವರ್ಷದ ಮೇಲೆ ಒಂದು ಜಾಗ ಸಿಕ್ಕಿತ್ತು, ಇನ್ನೊಂದೆರಡು ದಿನವಾದರೂ ಇಟ್ಟುಕೊಂಡಿರಲಿ ಎಂದು.

ಮರುದಿನ ಅವರು ಬಂದು ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಕಂಪ್ಯೂಟರು ಹಾಕಲಿಲ್ಲ. ನಾನೇ ಹೋಗಿ ಕೇಳಿದೆ.

“ಎಲ್ಲ ಹೇಳ್ದೆ ಮೇಷ್ಟ್ರೇ. ಆ ಮನೆ ತಪ್ಪು, ಆ ತಪ್ಪು ಮಾಡಿದ್ದು ನಾನೇ, ತಮ್ಮ ಅಲ್ಲಿರ್ಲೇ ಇಲ್ಲ, ಚುಕ್ಕಿನೂ ಅಳಿಸಿ ಬಂದೆ ಅಂತ ಕಾಲು ಹಿಡ್ಕೊಂಡು ಹೇಳ್ದೆ.”

“ಏನಂದ್ರು?”

ಚುಕ್ಕಿ ಅಕ್ಕ ಖಾಲಿ ಪರದೆಯನ್ನೇ ನೋಡುತ್ತ, ತಾಯಿಯ ಮಾತನ್ನು ಒಂದಕ್ಷರ ಬಿಡದೆ ಹೇಳಿದರು.

“ಗೊತ್ತು ಕಣೇ. ನನ್ನ ಮಗ ಯಾವತ್ತೂ ಆ ಮನೇಲಿ ಇರ್ಲಿಲ್ಲ. ಆ ಮನುಷ್ಯ ಹೇಳಿದ್ದೆಲ್ಲ ಕಟ್ಟುಕತೆ, ಹೆತ್ತೋಳಿಗೆ ಅಷ್ಟೂ ತಿಳಿಯಲ್ವಾ? ಆದ್ರೆ ಈಗ ಇದ್ದಾನೆ. ಇನ್ನೆಷ್ಟು ವರ್ಷ ಅಂತ ಹೊತ್ಕೊಂಡು ತಿರುಗ್ಲಿ ಅವನನ್ನ? ಭಾನುವಾರ ನಾನೇ ಕೈ ಹಿಡ್ಕೊಂಡು ಹೋಗಿ ಬಿಟ್ಟು ಬಂದೆ. ನೀನು ನಿನ್ನ ಚುಕ್ಕಿ ಅಳಿಸ್ಕೋ ಹೋಗು.”